ನಡುಗುವ ಕೋಟು

ನೆಲ ಎಷ್ಟೇ ಒಣಗಿರಲಿ, ಅತ್ತೆ ಅದರ ಮೇಲೆ ಯಾರೋ ನೀರು ಚೆಲ್ಲಿದ್ದಾರೆಂಬಂತೆಯೇ ನಡೆಯುತ್ತಿದ್ದರು. ಪಾದಗಳನ್ನು ಹೊರಕ್ಕೆ ತಿರುಗಿಸಿ, ಇಡೀ ಅಂಗಾಲನ್ನು ಒಮ್ಮೆಗೇ ಊರಿ, ಊರಿದ್ದು ಜಾರಲಿಲ್ಲವೆಂದು ಖಾತ್ರಿಯಾದ ಮೇಲಷ್ಟೇ ಇನ್ನೊಂದನ್ನು ಎತ್ತುವ ಆ ನಡಿಗೆಯನ್ನು ರಸ್ತೆಯ ಆ ತುದಿಯಿಂದಲೇ ಗುರುತಿಸಬಹುದಿತ್ತು. ಬ್ಯಾಂಕಿನ ಮೆಟ್ಟಿಲಿನಲ್ಲಿ, ಮದುವೆಯ ಹಜಾರದಲ್ಲಿ, ಆಸ್ಪತ್ರೆಯ ನುಣುಪು ಕಲ್ಲಿನ ಮೇಲೆ, ಎಲ್ಲೆಲ್ಲೂ ಅದೇ ಜಾಗರೂಕ ಮಂದಗತಿ. ಅರ್ಧ ಆಯುಷ್ಯವನ್ನು ಈಜುಕೊಳದ ಒದ್ದೆ ಅಂಚಿನಲ್ಲಿ ಕಳೆದವರಿಗೆ ಬೇರೆ ನಡಿಗೆ ಬರುವುದಾದರೂ ಹೇಗೆ! ಈಜು ಕಲಿಯಲು ಬರುವ ಹುಡುಗಿಯರು ಬೆನ್ನ ಹಿಂದೆ ಅವರನ್ನು ‘ಬಾತುಕೋಳಿ’ ಎನ್ನುತ್ತಿದ್ದರು. ಅದು ಅತ್ತೆಯ ಕಿವಿಗೂ ಬಿದ್ದಿತ್ತು. “ಅನ್ಲಿ ಬಿಡಿ. ಬರೀ ಕೋಳಿ ಅನ್ನಲಿಲ್ವಲ್ಲ, ಬಾತುಕೋಳಿಗೆ ಈಜಾದ್ರೂ ಬರುತ್ತೆ” ಎಂದು ನಕ್ಕು ಸುಮ್ಮನಾಗಿದ್ದರು.

ಆದರೆ ನೀರಿಗಿಳಿದ ಅತ್ತೆಯನ್ನು ನೋಡಬೇಕಿತ್ತು. ಕಬ್ಬಿಣದ ಏಣಿಯ ಕೊನೆಯ ಮೆಟ್ಟಿಲು ಬಿಟ್ಟ ಕ್ಷಣಕ್ಕೆ ಆ ಸ್ಥೂಲ ಶರೀರದ ಭಾರವೆಲ್ಲ ಎಲ್ಲಿಯೋ ಕರಗಿ, ಮೊಣಕಾಲು ತನ್ನ ನೋವನ್ನೇ ಮರೆತು, ಅವರು ಅಲೆಯೆಬ್ಬಿಸದೆ ಕೊಳದ ಆ ಬದಿಗೆ ಸಾಗಿ ಹೋಗುತ್ತಿದ್ದರು. ಅದು ನಗರಸಭೆಯ ಒಳಾಂಗಣ ಕೊಳ. ಎತ್ತರದ ಕಿಟಕಿಗಳಿಂದ ಬೆಳಗಿನ ಬಿಸಿಲು ಓರೆಯಾಗಿ ಇಳಿದು, ನೀರನ್ನು ಮುಟ್ಟಿ, ಮತ್ತೆ ಮೇಲಕ್ಕೆ ಚಿಮ್ಮಿ ಛಾವಣಿಯ ತುಂಬ ಬೆಳಕಿನ ಬಲೆಯೊಂದನ್ನು ಹರಡುತ್ತಿತ್ತು. ಆ ಬಲೆ ತನ್ನಷ್ಟಕ್ಕೆ ಬಿಚ್ಚಿಕೊಳ್ಳುತ್ತ, ಹೆಣೆದುಕೊಳ್ಳುತ್ತ, ಯಾರನ್ನೂ ಹಿಡಿಯುವ ಉದ್ದೇಶವೇ ಇಲ್ಲದೆ ಅಲ್ಲಿ ತೂಗಾಡುತ್ತಿತ್ತು. ಬೆಚ್ಚನೆಯ ಆವಿ, ಕ್ಲೋರಿನ್ನಿನ ಘಾಟು, ತಳದಲ್ಲಿ ಬಾಗಿ ಬಳುಕುವ ನೀಲಿ ಟೈಲುಗಳು. ಅಲ್ಲಿ ಆಡಿದ ಮಾತು ನೇರವಾಗಿ ಕಿವಿಗೆ ಬರುತ್ತಿರಲಿಲ್ಲ. ಗೋಡೆ, ಛಾವಣಿ, ನೀರು ಎಲ್ಲವನ್ನೂ ಸುತ್ತಿ, ತನ್ನ ಮೊನೆಯನ್ನು ಕಳೆದುಕೊಂಡು, ಪಕ್ಕದ ಕೋಣೆಯಲ್ಲಿ ಯಾರೋ ನಿದ್ದೆಗಣ್ಣಿನಲ್ಲಿ ಆಡಿದಂತೆ ಬಂದು ತಲುಪುತ್ತಿತ್ತು. ಅಲ್ಲಿ ಬೈಸಿಕೊಂಡವರಿಗೂ ಬೈಸಿಕೊಂಡೆವೆಂದು ಅನಿಸುತ್ತಿರಲಿಲ್ಲ.

ಇನ್ನು ಆ ಕೋಟು. ಕೊಳದ ಹಳೆಯ ಕಾವಲುಗಾರ ನಿವೃತ್ತನಾಗಿ ಹೋಗುವಾಗ ಗೂಟದಲ್ಲೇ ಬಿಟ್ಟುಹೋದ ದಪ್ಪ ಉಣ್ಣೆಯ ಬೂದುಬಣ್ಣದ ಕೋಟು; ಹಿತ್ತಾಳೆಯ ಗುಂಡಿಗಳು, ಮೊಣಕಾಲು ದಾಟುವ ಉದ್ದ, ಒಳಗೂ ಹೊರಗೂ ಜೇಬುಗಳೇ ಜೇಬುಗಳು. ನೀರಿನಿಂದ ಮೇಲೆ ಬಂದೊಡನೆ ಒದ್ದೆ ಈಜುಡುಗೆಯ ಮೇಲೇ ಅತ್ತೆ ಅದನ್ನು ಏರಿಸಿಕೊಳ್ಳುತ್ತಿದ್ದರು. “ಅಕ್ಕ, ಅದನ್ನ ಇನ್ನಾದ್ರೂ ಬಿಸಾಕು, ಒದ್ದೆ ನಾಯಿ ವಾಸನೆ ಬರುತ್ತೆ” ಎಂದು ಅವರ ತಮ್ಮ ಗೋಗರೆದದ್ದುಂಟು. ಅತ್ತೆ ಬಿಸಾಡಲಿಲ್ಲ, ಏಕೆಂದರೆ ಅದಕ್ಕೊಂದು ಉದ್ಯೋಗ ಸಿಕ್ಕಿತ್ತು. ಪಾಠ ಶುರುವಾಗುವ ಮೊದಲು ಪ್ರತಿಯೊಬ್ಬ ಹುಡುಗಿಯೂ ತನ್ನ ಮೊಬೈಲನ್ನು ಆ ಕೋಟಿನ ಒಂದೊಂದು ಜೇಬಿಗೆ ಇಳಿಸಿಯೇ ಕೊಳಕ್ಕೆ ಇಳಿಯಬೇಕೆಂಬುದು ಅತ್ತೆಯ ಕಟ್ಟಳೆ. ಕೋಟನ್ನು ಗೋಡೆಯ ಗೂಟಕ್ಕೆ ನೇತುಹಾಕಿ ಅವರು ಸೀಟಿ ಊದುತ್ತಿದ್ದರು.

ಆಮೇಲೆ ನಡೆಯುತ್ತಿದ್ದದ್ದೇ ತಮಾಷೆ. ಹುಡುಗಿಯರು ನೀರಿನಲ್ಲಿ ಕಾಲು ಬಡಿಯುತ್ತಿರುವಾಗ, ಗೂಟದ ಮೇಲಿನ ಕೋಟು ಇದ್ದಕ್ಕಿದ್ದಂತೆ ಗುರ್ ಎಂದು ನಡುಗುತ್ತಿತ್ತು. ಮೊದಲು ಒಂದು ತೋಳು, ಆಮೇಲೆ ಎದೆಯ ಭಾಗ, ಮತ್ತೆ ಅಂಚು. ಒಮ್ಮೊಮ್ಮೆ ಇಡೀ ಕೋಟು ಮಲೇರಿಯಾ ರೋಗಿಯಂತೆ ಅದುರಿಬಿಡುತ್ತಿತ್ತು. “ಅಯ್ಯೋ ಪಾಪ, ಕೋಟಿಗೆ ಚಳಿ ಬಂತು ನೋಡ್ರೇ. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಅಂತಾರೆ. ಅದಕ್ಕೆ ಇಳಿಯೋ ಧೈರ್ಯ ಇಲ್ಲ, ಮೇಲೇ ನಿಂತು ನಡುಗ್ತಿದೆ!” ಎಂದು ಅತ್ತೆ ಎಲ್ಲರನ್ನೂ ನಗಿಸುತ್ತಿದ್ದರು. ಆದರೆ ನಗುವವರ ಕಣ್ಣುಗಳು ಕೋಟಿನ ಮೇಲೇ ಇರುವುದನ್ನು ಅವರು ಬಲ್ಲರು. ಯಾವ ಜೇಬು ನಡುಗಿದರೂ ಪ್ರತಿಯೊಬ್ಬಳಿಗೂ ಅದು ತನ್ನದೇ ಎನ್ನಿಸುತ್ತಿತ್ತು. ಒಬ್ಬಳಂತೂ ಬೆನ್ನ ಮೇಲೆ ಮಲಗಿ ತೇಲುತ್ತಿರುವಾಗಲೂ ಅವಳ ಬಲಗೈ ಹೆಬ್ಬೆರಳು ತಾನಾಗಿಯೇ ನೀರನ್ನು ಮೇಲಕ್ಕೆ ಮೇಲಕ್ಕೆ ಸವರುತ್ತಿತ್ತು. ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ತೊಡೆಗೊಂದು ಪಠ್ಯಪುಸ್ತಕ, ಕೈಗೊಂದು ಮೊಬೈಲು ಇಟ್ಟುಕೊಂಡು ಅವರು ಓದುವ ಚೆಂದವನ್ನೂ ಅತ್ತೆ ನೋಡಿದ್ದರು. ತೆರೆದ ಪುಟ ತೆರೆದಂತೆಯೇ ಇದ್ದು ಮೇಲಿನಿಂದ ತೊಟ್ಟಿಕ್ಕುವ ಕೂದಲ ನೀರಿಗೆ ಉಬ್ಬಿಕೊಳ್ಳುತ್ತಿತ್ತು. ಇವರಿಗೆ ನಿದ್ದೆ ಬರುವುದೇ ಇಲ್ಲವೇನೋ ಎಂದು ಅವರಿಗೆ ಕನಿಕರವಾಗುತ್ತಿತ್ತು.

ಅತ್ತೆಯ ಬಾಯಲ್ಲಿ ಸದಾ ಒಂದೇ ಮಾತು: “ಬಿಡು. ಉಸಿರು ಬಿಡು.” ಮುಳುಗುವವರು ಉಸಿರು ಸಿಗದೆ ಮುಳುಗುವುದಲ್ಲ, ಒಳಗಿರುವುದನ್ನು ಬಿಡಲು ಹೆದರಿ, ಗಟ್ಟಿ ಹಿಡಿದು, ಕಲ್ಲಾಗಿ ಮುಳುಗುತ್ತಾರೆ ಎಂಬುದು ಅವರ ಸಿದ್ಧಾಂತ. ಮುಖ ನೀರಿನಲ್ಲಿಟ್ಟು ಮೂಗಿನಿಂದ ಗುಳ್ಳೆ ಬಿಡುವುದೇ ಮೊದಲ ಪಾಠ. ಈ ಮಾತು ಕೊಳ ದಾಟಿ ಊರಿಗೂ ಹರಿದಿತ್ತು. ಚಿಲ್ಲರೆಗಾಗಿ ಕಿರುಚುವ ಕಂಡಕ್ಟರನಿಗೆ, ರಕ್ತದೊತ್ತಡದ ತಮ್ಮನಿಗೆ, ಟಿವಿಯಲ್ಲಿ ಜಗಳವಾಡುವ ಗಣ್ಯರಿಗೆ, ಎಲ್ಲರಿಗೂ ಅದೇ ಔಷಧ. ವಾಸಿಯಾದವರು ಎಷ್ಟು ಮಂದಿಯೋ ತಿಳಿಯದು.

ಆ ತಮ್ಮನ ಮಗಳೇ ಗುಬ್ಬಿ. ಪುಟ್ಟ ಮೈ, ಸದಾ ಚಿಲಿಪಿಲಿ ಮಾತು. ಹಾಗಾಗಿ ಮನೆಯವರು ಇಟ್ಟ ಹೆಸರು. ಕೊಳದ ಹುಡುಗಿಯರೆಲ್ಲ ಅತ್ತೆಯನ್ನು ‘ಅತ್ತೆ, ನೀವು’ ಎಂದರೆ ಗುಬ್ಬಿಯೊಬ್ಬಳು ಮಾತ್ರ, ನಿಜವಾದ ಸೋದರಸೊಸೆಯ ಹಕ್ಕಿನಿಂದ, ‘ಅತ್ತೆ, ನೀನು’ ಎನ್ನುತ್ತಿದ್ದಳು. ಶಾಲೆಯಲ್ಲಿ ಒಂದು ದಿನ ಭಾಷಣಕ್ಕೆ ನಿಂತಾಗ ‘ಮಾನ್ಯರೇ’ ಎಂಬ ಮೊದಲ ಪದವೇ ಗಂಟಲಿನಲ್ಲಿ ಸಿಕ್ಕಿಕೊಂಡು ‘ಮಾ… ಮಾ… ಮಾ…’ ಎಂದು ತಡವರಿಸಿದಳು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದರು. ಇನ್ಯಾರೋ ಅವಳ ತಲೆಗೆ ಕೊಂಬು, ಗಲ್ಲಕ್ಕೆ ಗಡ್ಡ ಅಂಟಿಸಿ, ಹಿಂದೊಂದು ಕುಣಿತದ ಸಂಗೀತ ಸೇರಿಸಿ ಹರಿಯಬಿಟ್ಟರು. ಸಂಜೆಯ ಹೊತ್ತಿಗೆ ಗುಬ್ಬಿ ಮೇಕೆಯಾಗಿದ್ದಳು. ಮರುದಿನ ಕಾರಿಡಾರಿನಲ್ಲಿ ಅವಳು ಹಾದುಹೋದಾಗ ಹಿಂದಿನಿಂದ ಸಣ್ಣದೊಂದು ‘ಮೇ’ ಕೇಳಿಸಿತು. ತಿರುಗಿದರೆ ಎಲ್ಲರೂ ಸಭ್ಯರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಮೊದಲು ತರಗತಿಯಲ್ಲಿ ಕೈ ಎತ್ತುವುದು ನಿಂತಿತು, ಆಮೇಲೆ ಊಟದ ಡಬ್ಬಿ ತುಂಬಿದ್ದು ತುಂಬಿದಂತೆ ಮನೆಗೆ ಬಂತು, ಕೊನೆಗೆ ಶಾಲೆಯೇ ನಿಂತಿತು. ಮನೆಯಲ್ಲೂ ಮಾತಿಲ್ಲ. ಅವಳ ಅಮ್ಮ ಅಡಿಗೆಮನೆಯಲ್ಲಿ ನಿಂತು, ಆ ಚಿಲಿಪಿಲಿ ಇಲ್ಲದ ಮೌನ ಸಹಿಸಲಾಗದೆ ರೇಡಿಯೋ ಹಾಕಿಕೊಳ್ಳುತ್ತಿದ್ದಳು.

ಮುಖ್ಯೋಪಾಧ್ಯಾಯಿನಿ ಒಳ್ಳೆಯವರು. ಮನೆಯಲ್ಲೇ ಓದಿಕೊಳ್ಳಲಿ, ಆದರೆ ವರ್ಷದ ಕೊನೆಯ ಮೌಖಿಕ ಪರೀಕ್ಷೆಗೆ ಬರಲೇಬೇಕು ಎಂದರು. ಪರೀಕ್ಷಕರೆದುರು ಕೂತು ಬಾಯಿಬಿಟ್ಟು ಉತ್ತರ ಹೇಳದಿದ್ದರೆ, ಬರೆದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ವರ್ಷ ಹೋದಂತೆಯೇ ಲೆಕ್ಕ. “ನನ್ನ ಹತ್ರ ಕಳಿಸು” ಎಂದು ಅತ್ತೆ ತಮ್ಮನಿಗೆ ಹೇಳಿದರು. “ಪರೀಕ್ಷೆಗೂ ಈಜಿಗೂ ಏನಕ್ಕ ಸಂಬಂಧ?” ಎಂದ ತಮ್ಮ. “ಉಸಿರಿಗೂ ಮಾತಿಗೂ ಏನು ಸಂಬಂಧಾನೋ ಅದೇ” ಎಂದರು ಅತ್ತೆ.

ಗುಬ್ಬಿ ಕೊಳಕ್ಕೆ ಬಂದಳು. ಮೊಬೈಲನ್ನು ಕೋಟಿನ ಎಡ ಜೇಬಿಗೆ ಹಾಕಿ, ಹಾಕಿದ ಮೇಲೂ ಜೇಬನ್ನು ಮುಟ್ಟಿ ನೋಡಿ, ನೀರಿಗಿಳಿದಳು. ಅತ್ತೆ ಅವಳಿಗೆ ಈಜು ಕಲಿಸಲಿಲ್ಲ, ತೇಲುವುದನ್ನು ಕಲಿಸಿದರು. ಬೆನ್ನ ಮೇಲೆ ಮಲಗಬೇಕು. ಕಿವಿ ಎರಡೂ ನೀರೊಳಗೆ, ಮುಖವೊಂದೇ ಮೇಲೆ. ತಲೆಯ ಕೆಳಗೆ ಅತ್ತೆಯ ಅಂಗೈ. ಕಿವಿ ಮುಳುಗಿದೊಡನೆ ಲೋಕದ ಸದ್ದೆಲ್ಲ ಬಾಗಿಲು ಹಾಕಿಕೊಂಡು ಹೊರಟುಹೋಗುತ್ತದೆ. ಉಳಿಯುವುದು ತನ್ನದೇ ಉಸಿರು, ದೂರದಲ್ಲೆಲ್ಲೋ ಸಮುದ್ರವಿದ್ದಂತೆ. ಮೊದಮೊದಲು ಗುಬ್ಬಿಯ ಕತ್ತು ಮರದ ಕೊರಡಾಗಿತ್ತು. ದಿನ ಕಳೆದಂತೆ ಅದು ಹಗುರಾಯಿತು, ಅಂಗೈಯ ಮೇಲಿನ ಭಾರ ಕಡಿಮೆಯಾಗುತ್ತ ಬಂತು. ಒಂದು ಬೆಳಿಗ್ಗೆ ಅತ್ತೆ ಕೈಯನ್ನು ಮೆಲ್ಲಗೆ ಸರಿಸಿದರು. ಗುಬ್ಬಿಗೆ ತಿಳಿಯಲೇ ಇಲ್ಲ. ಛಾವಣಿಯ ಬೆಳಕಿನ ಬಲೆ ಅವಳ ಮುಚ್ಚಿದ ಕಣ್ಣುಗಳ ಮೇಲೆ ಆಡುತ್ತಿತ್ತು, ಕೂದಲು ನೀರಿನಲ್ಲಿ ಬಿಚ್ಚಿ ಹರಡಿತ್ತು, ಬಹಳ ದಿನಗಳ ಮೇಲೆ ಆ ಮುಖದಲ್ಲಿ ಯಾವುದರ ಕಾವಲೂ ಇರಲಿಲ್ಲ. ಅತ್ತೆ ನೋಡುತ್ತಲೇ ನಿಂತರು.

ಅಲ್ಲಿಯೇ ಅವರು ತಪ್ಪಿದ್ದು. ಕೊಳಕ್ಕೆ ಬರುವವರು ಕಡಿಮೆಯಾಗುತ್ತಿದ್ದಾರೆಂದು ಮ್ಯಾನೇಜರ್ ಕೊಳದ ಹೆಸರಿನಲ್ಲಿ ಜಾಲತಾಣದಲ್ಲಿ ಒಂದು ಪುಟ ತೆರೆದು, ಅತ್ತೆಯ ಕೈಗೊಂದು ದೊಡ್ಡ ಪರದೆಯ ಮೊಬೈಲು ಕೊಟ್ಟಿದ್ದರು. “ಏನಾದ್ರೂ ಚೆನ್ನಾಗಿರೋದು ಕಂಡ್ರೆ ಹಾಕಿ ಮೇಡಂ, ಜನ ನೋಡಿ ಬರ್ತಾರೆ.” ಹಸಿ ಮೀನನ್ನು ಹಿಡಿದಂತೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಓಡಾಡುತ್ತಿದ್ದ ಅತ್ತೆ ಅಂದಿನವರೆಗೆ ಅದರಲ್ಲಿ ಹಾಕಿದ್ದೆಂದರೆ ಕೊಳದ ವೇಳಾಪಟ್ಟಿ ಮತ್ತು ತಪ್ಪಿ ತೆಗೆದ ತಮ್ಮ ಪಾದದ ಚಿತ್ರ. ಈಗ ಅವರಿಗೆ, ಇಷ್ಟು ಚೆಂದದ್ದನ್ನು ತಾನೊಬ್ಬಳೇ ನೋಡಿದರೆ ಹೇಗೆ ಎನಿಸಿತು. ಮೆಲ್ಲಗೆ ಮೇಲೆ ಹತ್ತಿ, ಕೋಟಿನಿಂದ ಮೊಬೈಲು ತೆಗೆದು, ಏಣಿಯ ಮೇಲಿನಿಂದ ಬಾಗಿ, ನೀರಿನ ನಡುವಿನ ಆ ಮುಖವನ್ನಷ್ಟೇ ಹಿಡಿದರು. ‘ಗುಬ್ಬಿ ತೇಲಿತು’ ಎಂದು ಬರೆದರು. ಹಾಕಿದರು. ಗುಬ್ಬಿಯನ್ನು ಕೇಳಬೇಕೆಂದು ಹೊಳೆಯಲೇ ಇಲ್ಲ. ತಮ್ಮನ ಮಗಳ ಚಿತ್ರ ತೆಗೆಯಲು ಅಪ್ಪಣೆ ಬೇಕೆಂದು ಅವರ ಕಾಲದಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಹೃದಯಗಳು ಬಂದವು. ಕೆಂಪು ಕೆಂಪು, ಪುಟ್ಟ ಪುಟ್ಟ, ಒಂದರ ಹಿಂದೊಂದು. ‘ಎಂಥ ಶಾಂತಿ!’ ಎಂದರು ಯಾರೋ. ‘ಕಲಿಸಿದ ಗುರುವಿಗೆ ನಮಸ್ಕಾರ’ ಎಂದರು ಇನ್ಯಾರೋ. ಇಷ್ಟು ವರ್ಷ ಊರಿನ ಅರ್ಧ ಮಕ್ಕಳಿಗೆ ಈಜು ಕಲಿಸಿದ ಅತ್ತೆಗೆ ನಮಸ್ಕಾರ ಹೇಳಿದವರು ವಿರಳ. ಕಲಿತವರು ಟವೆಲು ಸುತ್ತಿಕೊಂಡು ಹೋಗಿಬಿಡುತ್ತಿದ್ದರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬಂತೆ, ಆ ವಾರ ಗೂಟದ ಕೋಟು ನಡುಗಿದಾಗಲೆಲ್ಲ ಹುಡುಗಿಯರಿಗಿಂತ ಮೊದಲು ತಿರುಗಿದ್ದು ಅತ್ತೆಯ ಕತ್ತು. ಸೀಟಿ ಊದಿ, ‘ಆ ತುದಿ ಮುಟ್ಟಿ ಬನ್ನಿ’ ಎಂದು ಹುಡುಗಿಯರನ್ನು ಕಳಿಸಿ, ಅವರು ಬರುವಷ್ಟರಲ್ಲಿ ತಮ್ಮ ಮೊಬೈಲಿದ್ದ ಜೇಬಿಗೆ ಕೈ ಹಾಕುತ್ತಿದ್ದರು. ಕನ್ನಡಕದ ಗಾಜಿನ ಮೇಲೆ ಆವಿ ಕಟ್ಟಿದರೂ ಒರೆಸಿಕೊಂಡು ನೋಡುತ್ತಿದ್ದರು.

ಹೀಗೆ ಒರೆಸಿಕೊಂಡು ನೋಡುವಾಗಲೇ ಒಂದು ಬೆಳಿಗ್ಗೆ ಆ ಸಾಲು ಕಂಡಿತು. ‘ಏಯ್, ಇದು ನಮ್ಮ ಮೇಕೆ ಅಲ್ವಾ?’ ಅದರ ಕೆಳಗೆ ಕೊಂಬಿನ ಹಳೆಯ ವಿಡಿಯೋ. ಅದರ ಕೆಳಗೆ ನಗು, ನಗು, ನಗು. ಅತ್ತೆ ಕನ್ನಡಕ ಕೆಳಗಿಳಿಸಿದರು. ಕೊಳದ ಕಡೆ ನೋಡಿದರು, ಗುಬ್ಬಿ ಬಂದಿರಲಿಲ್ಲ. ಅವಳಿಗೆ ಇವರಿಗಿಂತ ಮೊದಲೇ ತಲುಪಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಮೌಖಿಕ ಪರೀಕ್ಷೆ ಬಾಗಿಲಿಗೆ ಬಂದಿತ್ತು.

ಮಧ್ಯಾಹ್ನ ಅತ್ತೆ ತಮ್ಮನ ಮನೆಗೆ ಹೋದರು. ಗುಬ್ಬಿಯ ಕೋಣೆಯಲ್ಲಿ ಪರದೆ ಎಳೆದಿತ್ತು. ಅದರ ಹಿಂದಿನ ಬಿಸಿಲು ಕೋಣೆಯನ್ನೆಲ್ಲ ತಿಳಿಹಳದಿ ನೀರಿನಲ್ಲಿ ಅದ್ದಿದಂತಿತ್ತು. ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅತ್ತೆ ಕೋಟಿನ ಸಮೇತ ನೆಲದ ಮೇಲೆ ಕೂತರು. ಎಲ್ಲರಿಗೂ ಕೊಡುವ ಆ ಒಂದು ಔಷಧ ಬಾಯಿಗೆ ಬಂದದ್ದನ್ನು ಅಲ್ಲೇ ನುಂಗಿಕೊಂಡರು.

“ನಿನ್ನ ಕೇಳದೆ ಹಾಕಿದೆ ಕಣೇ. ಕೇಳ್ಬೇಕಿತ್ತು.”

ಗೋಡೆಯ ಕಡೆಯಿಂದ ಮಾತು ಬಂತು. “ತೆಗೆದುಹಾಕಿದ್ಯಾ?”

“ತೆಗೆದೆ.” ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅತ್ತೆ ನಿಲ್ಲಿಸಲಿಲ್ಲ. “ತೆಗೆಯೋ ಮುಂಚೆ ಇನ್ನೊಂದ್ಸಲ ನೋಡಿದೆ, ಹೃದಯ ಎಷ್ಟು ಬಂದಿದೆ ಅಂತ. ನೀನಿಲ್ಲಿ ಬಾಗಿಲು ಹಾಕ್ಕೊಂಡು ಮಲಗಿದೀಯ, ನಾನಲ್ಲಿ ಅದನ್ನ ನೋಡ್ತಾ ಕೂತಿದೀನಿ. ಥೂ, ನನ್ನ ಮುಖಕ್ಕಿಷ್ಟು.”

ಗುಬ್ಬಿ ತಿರುಗಿದಳು. ಅತ್ತು ಊದಿದ ಕಣ್ಣುಗಳಿಂದ ಅತ್ತೆಯನ್ನು, ಹೊಸಬರನ್ನು ನೋಡುವಂತೆ ನೋಡಿದಳು.

“ನಂಗೂ ಹಾಗೇ ಅತ್ತೆ. ಆ ಮೇಕೆದನ್ನ ದಿನಾ ನೋಡ್ತೀನಿ. ಇವತ್ತು ಯಾರು ಏನಂದಿದಾರೆ ಅಂತ. ನೋಡಬಾರ್ದು ಅಂತ ಗೊತ್ತು. ಕೈಯೇ ಹೋಗ್ಬಿಡುತ್ತೆ.”

ಹೊರಗಿನವರು ಎಸೆದದ್ದಷ್ಟೇ ಅವಳಿಗೆ ತಾಗುತ್ತಿದೆ ಎಂದು ಅತ್ತೆ ಇಷ್ಟು ದಿನ ತಿಳಿದಿದ್ದರು. ಬಿದ್ದ ಕಲ್ಲನ್ನು ದಿನವೂ ತಾನೇ ಹೋಗಿ ಎತ್ತಿ, ಅದರ ತೂಕ ನೋಡಿ ಬರುವ ಈ ಸಂಕಟ ಅವರಿಗೆ ಗೊತ್ತಿರಲಿಲ್ಲ. ಆ ವಾರವನ್ನು ತಾವೂ ಹಾಗೆಯೇ ಕಳೆದಿರದಿದ್ದರೆ ಗೊತ್ತಾಗುತ್ತಲೂ ಇರಲಿಲ್ಲ. ಅವರು ಕೈ ಚಾಚಿದರು. ಗುಬ್ಬಿ ಅದನ್ನು ಹಿಡಿದುಕೊಂಡು, ಸಂಬಂಧವೇ ಇಲ್ಲದ ಪ್ರಶ್ನೆ ಕೇಳಿದಳು.

“ಅತ್ತೆ, ನಿಂಗೆ ತೇಲೋಕೆ ಬರುತ್ತಾ?”

“ಏನೇ ಹಾಗಂದ್ರೆ? ನನ್ನ ಹೊಟ್ಟೆಪಾಡೇ ಅದು!”

“ಕಲಿಸೋದಲ್ಲ. ಸುಮ್ನೆ ಮಲಗೋದು. ನೀನು ನೀರಲ್ಲಿ ಮಲಗಿದ್ದು ನಾನು ಒಂದ್ಸಲಾನೂ ನೋಡಿಲ್ಲ.”

ಅತ್ತೆ ಯೋಚಿಸಿದರು. ನಿಜ. ಅವರು ಈಜುತ್ತಿದ್ದರು, ಅಂಚಿನಲ್ಲಿ ನಿಲ್ಲುತ್ತಿದ್ದರು, ಕಾಯುತ್ತಿದ್ದರು. ನೀರಿನ ಮೇಲೆ ಸುಮ್ಮನೆ ಮಲಗಿ ಎಷ್ಟು ವರ್ಷಗಳಾದವೋ ನೆನಪಿರಲಿಲ್ಲ.

ಮರುದಿನ ಬೆಳಿಗ್ಗೆ, ಉಳಿದವರು ಬರುವ ಮೊದಲು, ಇಬ್ಬರೂ ಕೊಳಕ್ಕಿಳಿದರು. ಕೋಟು ಗೂಟದಲ್ಲಿತ್ತು. ಅತ್ತೆ ಬೆನ್ನ ಮೇಲೆ ಮಲಗಿದರು, ಮತ್ತು ಊರಿಗೆಲ್ಲ ತೇಲುವುದನ್ನು ಕಲಿಸಿದ ಆ ಮಹಾತಾಯಿ ನಿಧಾನವಾಗಿ ಮುಳುಗತೊಡಗಿದರು. ಮೊದಲು ಕಾಲು, ಆಮೇಲೆ ಸೊಂಟ. ಕತ್ತು ಬಿಗಿದಿತ್ತು; ಕಣ್ಣಂಚು ಗೂಟದ ಕಡೆಗೇ ಇತ್ತು. ಆಗ ತಲೆಯ ಕೆಳಗೆ ಒಂದು ಸಣ್ಣ ಅಂಗೈ ಬಂತು.

“ಬಿಡು ಅತ್ತೆ. ಉಸಿರು ಬಿಡು.”

ಎಷ್ಟೋ ಸಾವಿರ ಸಲ ತಾವು ಆಡಿದ ಆ ಮಾತನ್ನು ಅತ್ತೆ ಮೊದಲ ಬಾರಿಗೆ ಕೇಳಿಸಿಕೊಂಡರು. ಬಿಟ್ಟರು. ಕಿವಿ ಮುಳುಗಿತು, ಗೂಟ, ಕೋಟು, ಮ್ಯಾನೇಜರು, ಕೆಂಪು ಹೃದಯಗಳು ಎಲ್ಲವೂ ದೂರದ ದಡವೊಂದರಲ್ಲಿ ಉಳಿದವು. ಮೇಲೆ ಬೆಳಕಿನ ಬಲೆ ಬಿಚ್ಚಿಕೊಳ್ಳುತ್ತಿತ್ತು, ಹೆಣೆದುಕೊಳ್ಳುತ್ತಿತ್ತು. ಪ್ರತಿದಿನ ಅದರ ಕೆಳಗೇ ನಡೆದಾಡಿದ್ದ ಅತ್ತೆ ಅದನ್ನು ಅಂದು ಮನಸಾರೆ ನೋಡಿದರು. ಸಣ್ಣ ಅಂಗೈ ಯಾವಾಗ ಸರಿಯಿತೋ ಅವರಿಗೆ ತಿಳಿಯಲಿಲ್ಲ.

ಪರೀಕ್ಷೆಯ ದಿನ ಗುಬ್ಬಿ ತಾನಾಗಿಯೇ ಸಮವಸ್ತ್ರ ತೊಟ್ಟು ಅತ್ತೆಯ ಜೊತೆ ಶಾಲೆಗೆ ಬಂದಳು. ಕೋಣೆಯ ಬಾಗಿಲಲ್ಲಿ ಮೊಬೈಲನ್ನು ತೆಗೆದು, ಕೊಳದಲ್ಲಿ ಮಾಡುವಂತೆಯೇ, ಅತ್ತೆ ತೊಟ್ಟಿದ್ದ ಕೋಟಿನ ಎಡ ಜೇಬಿಗೆ ಇಳಿಸಿದಳು. ಈ ಸಲ ಜೇಬನ್ನು ಮುಟ್ಟಿ ನೋಡಲಿಲ್ಲ. ಬಾಗಿಲು ಮುಚ್ಚಿತು. ಉದ್ದನೆಯ ಕಾರಿಡಾರಿನಲ್ಲಿ ಅತ್ತೆಯೊಬ್ಬರೇ, ಒಣ ನೆಲದ ಮೇಲೆ ಒದ್ದೆ ನಡಿಗೆ ನಡೆಯುತ್ತ ಉಳಿದರು. ಜೇಬು ನಡುಗಿತು. ಮತ್ತೆ ನಡುಗಿತು. ಎಚ್ಚರಗೊಂಡ ಕೂಸನ್ನು ತಟ್ಟುವಂತೆ ಅತ್ತೆ ಅದರ ಮೇಲೆ ಕೈಯಿಟ್ಟು ನಿಂತರು.

ಬಾಗಿಲಿನಾಚೆಯಿಂದ ಪರೀಕ್ಷಕರ ಪ್ರಶ್ನೆ ಕೇಳಿಸಿತು, ಆಮೇಲೆ ಗುಬ್ಬಿಯ ಧ್ವನಿ. “ಮಾ…” ನಿಂತಿತು. “ಮಾ…” ಮತ್ತೆ ನಿಂತಿತು. ಲೋಕಕ್ಕೆಲ್ಲ ಉಸಿರು ಬಿಡಲು ಹೇಳಿದ ಅತ್ತೆ ಕಾರಿಡಾರಿನಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದರು. ಒಳಗೆ ಯಾರೂ ನಗಲಿಲ್ಲ, ಯಾರೂ ಅವಸರಪಡಿಸಲಿಲ್ಲ. ಆ ಮೌನದೊಳಗಿಂದ ನೀಳವಾದ ಒಂದು ನಿಶ್ವಾಸ, ನೀರಿನಡಿಯಿಂದ ಗುಳ್ಳೆಗಳು ಮೇಲೇರುವಂತೆ, ಹೊರಬಂತು. ಅದರ ಬೆನ್ನಿಗೆ ಮಾತು ಬಂತು. ಎಡವಿತು, ನಿಂತಿತು, ಮತ್ತೆ ಬಂತು.

ಹೊರಗೆ ಬಂದವಳ ಮುಖವನ್ನು ಅತ್ತೆ ನೋಡಿದರು. ಗುಬ್ಬಿಯೇ ಹೇಳಿದಳು.

“ಸಿಕ್ಕಾಕ್ಕೊಂಡೆ ಅತ್ತೆ. ಸುಮಾರು ಸಲ.”

“ಆಮೇಲೆ?”

“ಅವರು ಕಾದರು.”

ಇಬ್ಬರೂ ಗೇಟು ದಾಟಿ ರಸ್ತೆಗಿಳಿದರು. ಗುಬ್ಬಿ ಅದೂ ಇದೂ ಹೇಳತೊಡಗಿದ್ದಳು: ಪರೀಕ್ಷಕರ ಮೂಗಿನ ಮೇಲೆ ಜಾರುವ ಕನ್ನಡಕ, ತಾನು ಮರೆತ ಒಂದು ಪದ್ಯದ ಸಾಲು, ಹೊಟ್ಟೆ ಹಸಿದಿರುವುದು. ತಿರುವಿನ ಬಳಿ ಕೋಟು ಜೋರಾಗಿ ಅದುರಿತು. “ಅತ್ತೆ, ಕೋಟಿಗೆ ಚಳಿ” ಎಂದಳು ಗುಬ್ಬಿ. “ನಡುಗಲಿ ಬಿಡು” ಎಂದರು ಅತ್ತೆ. ಗುಬ್ಬಿ ನಿಲ್ಲಿಸಿದ್ದ ಮಾತನ್ನು ಮುಂದುವರಿಸಿದಳು.

ಈಜು ಕಲಿಸುವವರ ಕುಲವೇ ವಿಚಿತ್ರ. ಕೊಳವನ್ನು ಬತ್ತಿಸಿ ಮಕ್ಕಳನ್ನು ಉಳಿಸಿಕೊಳ್ಳುತ್ತೇವೆಂದು ಅವರು ಹೇಳಲಾರರು; ಯಾರ ಬದಲಿಗೂ ತಾವು ತೇಲಲಾರರು. ತಲೆಯ ಕೆಳಗೆ ಅಂಗೈಯೊಂದನ್ನು ಇಟ್ಟು, ಭಾರ ಕಡಿಮೆಯಾಗುವವರೆಗೆ ಕಾದು, ತಿಳಿಯದಂತೆ ಸರಿಸಿಕೊಳ್ಳುವುದಷ್ಟೇ ಅವರು ಬಲ್ಲ ವಿದ್ಯೆ. ಕಾಲಕ್ಕೊಂದು ಹೊಸ ನೀರು ಬರುತ್ತದೆ, ಅದರಲ್ಲಿ ಅವರೂ ಮುಳುಗುತ್ತಾರೆ. ಆಗ ತಾವು ಹಿಂದೆ ಎತ್ತಿಹಿಡಿದಿದ್ದ ತಲೆಗಳಲ್ಲೊಂದು ಬಳಿ ಬಂದು ತನ್ನ ಸಣ್ಣ ಅಂಗೈಯನ್ನು ಚಾಚಿದರೆ, ನಾಚದೆ ಅದರ ಮೇಲೆ ತಲೆಯಿಟ್ಟು ಮಲಗುವವರೇ ನಿಜವಾದ ಗುರುಗಳೆಂದು ತೋರುತ್ತದೆ.